ದೇವರಕಾಡು ಕಾಯುವವರೇ ‘ಅರಣ್ಯ ಅನ್ನಬೇಡಿ’ ಅಂದಿದ್ದೇಕೆ? ಥಾರ್ ಮರುಭೂಮಿಯ ಜಗಳ, ಕೊಡಗಿನ ಪಾಲು

ರಾಜಸ್ಥಾನದ ಓರಣ್‌ಗಳ ಸುದ್ದಿ ಓದಿದವರಿಗೆ ಗೊಂದಲ ಆಗಿರಲೇಬೇಕು. ಓರಣ್ ಅಂದರೆ ಮರುಭೂಮಿಯ ದೇವರಕಾಡು. ಅಲ್ಲಿ ಹಸಿ ಕೊಂಬೆ ಮುರಿಯುವ ಹಾಗಿಲ್ಲ. ಊರಿನವರೇ ಅದನ್ನು ತಲೆಮಾರುಗಳಿಂದ ಕಾಯ್ದಿದ್ದಾರೆ. 2024ರ ಆರಂಭದಲ್ಲಿ ಅಲ್ಲಿನ ಸರ್ಕಾರ ಓರಣ್‌ಗಳನ್ನು ಅರಣ್ಯ ಎಂದೇ ಪರಿಗಣಿಸುವುದಾಗಿ ಪ್ರಕಟಣೆ ಹೊರಡಿಸಿತು. ಜೈಸಲ್ಮೇರ್, ಬಾಡ್ಮೇರ್ ಕಡೆಯ ಹಳ್ಳಿಯವರು ಖುಷಿಪಡುವ ಬದಲು ಆಕ್ಷೇಪ ಎತ್ತಿದರು.

ಅದೇ ವರ್ಷ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಪ್ರತಿಯೊಂದು ಓರಣ್ ಅನ್ನೂ ಸ್ಥಳಕ್ಕೆ ಹೋಗಿ, ಉಪಗ್ರಹ ಚಿತ್ರವನ್ನೂ ಬಳಸಿ ಗುರುತಿಸಬೇಕು, ಗಾತ್ರ ಎಷ್ಟೇ ಇರಲಿ ಅರಣ್ಯ ಎಂದು ದಾಖಲಿಸಬೇಕು, ‘ಸಮುದಾಯ ಮೀಸಲು’ ಎಂದು ಘೋಷಿಸಬೇಕು ಎಂದು ಕೋರ್ಟ್ ಹೇಳಿತು. ಇಡೀ ದೇಶದ ದೇವರಕಾಡುಗಳಿಗೆ ಒಂದು ನೀತಿ ರೂಪಿಸಲು ಕೇಂದ್ರ ಸರ್ಕಾರಕ್ಕೂ ಶಿಫಾರಸು ಮಾಡಿತು. ಕೊಡಗಿನಲ್ಲಿ 1,214 ದೇವರಕಾಡುಗಳಿವೆ. ಮರಳುಗಾಡಿನ ವ್ಯಾಜ್ಯ ಕಾವೇರಿ ಹುಟ್ಟುವ ನಾಡಿಗೆ ಬಂದು ತಲುಪುವುದು ಈ ದಾರಿಯಲ್ಲಿ.

ಕಾಡನ್ನು ಪೂಜಿಸುವವರೇ ಅದು ಅರಣ್ಯವಾಗುವುದು ಬೇಡ ಅನ್ನುವುದು ಯಾಕೆ? ಉತ್ತರ ಸಿಗಬೇಕಾದರೆ ಮೊದಲು ಮರುಭೂಮಿಯಲ್ಲಿ ಬದುಕು ನಡೆಯುವ ಬಗೆ ಅರ್ಥವಾಗಬೇಕು.

ಮಳೆ ಕಮ್ಮಿ, ಕಟ್ಟುಪಾಡು ಜಾಸ್ತಿ

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಜೈಸಲ್ಮೇರ್‌ನಲ್ಲಿ 200 ಮಿಲಿಮೀಟರ್ ಕೂಡ ಆಗುವುದಿಲ್ಲ. ಆಳದ ನೀರು ಹಲವು ಕಡೆ ಉಪ್ಪು. ಹೀಗಿದ್ದರೂ ಥಾರ್‌ನಲ್ಲಿ ಜನ, ದನ, ಕುರಿ, ಒಂಟೆ ಎಲ್ಲವೂ ಇವೆ. ಬಿದ್ದ ಹನಿಯನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದು ಅಲ್ಲಿನವರಿಗೆ ಗೊತ್ತು.

ಜೈಸಲ್ಮೇರ್‌ನ ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಂ ಪದರ ಇದೆ. ಮಳೆನೀರು ಮರಳಿನಲ್ಲಿ ಇಳಿದು ಆ ಪದರದ ಮೇಲೆ ನಿಲ್ಲುತ್ತದೆ. ಕೆಳಗಿನ ಉಪ್ಪುನೀರಿಗೆ ಸೇರುವುದಿಲ್ಲ. ಅಲ್ಲಿ ‘ಬೇರಿ’ ಎಂಬ ಕಿರಿದಾದ ಬಾವಿ ತೋಡುತ್ತಾರೆ. ಸುತ್ತಲಿನ ತೇವ ಜಿನುಗಿ ಬಾವಿಗೆ ಇಳಿಯುತ್ತದೆ, ಸಿಹಿನೀರು ಸಿಗುತ್ತದೆ. ಇನ್ನೊಂದು ವಿಧಾನ ‘ಖಡೀನ್’. ಕಲ್ಲು ನೆಲದ ಇಳಿಜಾರಿನಿಂದ ಹರಿದು ಬರುವ ನೀರನ್ನು ತಗ್ಗಿನಲ್ಲಿ ಉದ್ದನೆಯ ಮಣ್ಣಿನ ಏರಿ ಹಾಕಿ ತಡೆಯುತ್ತಾರೆ. ನೀರು ಇಂಗಿದ ಮೇಲೆ ಆ ತೇವದಲ್ಲೇ ಚಳಿಗಾಲದಲ್ಲಿ ಗೋಧಿ, ಕಡಲೆ ಬಿತ್ತುತ್ತಾರೆ. ಈ ಪದ್ಧತಿಯನ್ನು ಬೆಳೆಸಿದವರು ಜೈಸಲ್ಮೇರ್‌ನ ಪಾಲಿವಾಲ ಬ್ರಾಹ್ಮಣರು ಎಂದು ಹೇಳುತ್ತಾರೆ.

ಬಾವಿಗೂ ಕೆರೆಗೂ ನೀರು ಹರಿದು ಬರುವ ಜಾಗಕ್ಕೆ ಅಲ್ಲಿ ‘ಆಗೋರ್’ ಅನ್ನುತ್ತಾರೆ. ಅದನ್ನು ಕೊಳಕು ಮಾಡುವಂತಿಲ್ಲ, ಅಲ್ಲಿ ಮನೆ ಕಟ್ಟುವಂತಿಲ್ಲ. ಎಷ್ಟೋ ಕಡೆ ಆಗೋರ್ ಮತ್ತು ಓರಣ್ ಅಕ್ಕಪಕ್ಕ, ಇಲ್ಲವೇ ಒಂದರೊಳಗೊಂದು ಇರುತ್ತವೆ. ದೇವರ ಹೆಸರಿನಲ್ಲಿ ಉಳಿದ ಜಾಗವೇ ಊರಿನ ಕುಡಿಯುವ ನೀರನ್ನೂ ಉಳಿಸಿದೆ.

ಓರಣ್‌ನಲ್ಲಿ ಸಿಗುವ ಮುಖ್ಯ ಮರ ಖೇಜ್ರಿ. ಅದು ನಮ್ಮ ಬನ್ನಿ ಮರವೇ. ಅದರ ಬೇರು ಬಹಳ ಆಳಕ್ಕೆ ಹೋಗುತ್ತದೆ, ಹಾಗಾಗಿ ಬರದಲ್ಲೂ ಚಿಗುರುತ್ತದೆ. ಎಲೆ ಆಡು, ಒಂಟೆಗೆ ಮೇವು. ಕಾಯಿ ‘ಸಾಂಗ್ರಿ’ ಎಂಬ ತರಕಾರಿ. ಅದರ ಬುಡದ ಮಣ್ಣು ಫಲವತ್ತಾಗಿರುವುದರಿಂದ ಹೊಲಗಳಲ್ಲಿ ಸಜ್ಜೆಯ ನಡುವೆಯೂ ಇದನ್ನು ಉಳಿಸಿಕೊಳ್ಳುತ್ತಾರೆ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಇದೇ ಮರಗಳನ್ನು ಉಳಿಸಲು ಅಮೃತಾ ದೇವಿ ಸೇರಿ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು.

ಇಲ್ಲಿ ಒಂದು ಅಂಶ ಗಮನಿಸಬೇಕು. ಓರಣ್‌ನಲ್ಲಿ ಮರ ಕಡಿಯುವುದಕ್ಕೆ ನಿಷೇಧ, ಆದರೆ ದನ ಮೇಯಿಸುವುದಕ್ಕೆ ಅಲ್ಲ. ಬಿದ್ದ ಕಟ್ಟಿಗೆ ಆರಿಸಬಹುದು. ಕಾಯಿ, ಅಂಟು ಕೊಯ್ಯಬಹುದು. ಅದು ಊರು ದಿನವೂ ಬಳಸುವ ಜಾಗ, ಬಳಸುವುದಕ್ಕೆ ಊರೇ ಮಿತಿ ಹಾಕಿಕೊಂಡಿರುವ ಜಾಗ. ಜಗಳದ ಬೇರು ಇಲ್ಲೇ ಇದೆ.

ಪಾಳು ಎಂದು ಬರೆದ ಕಾಲಂ

ಬ್ರಿಟಿಷರ ಕಾಲದ ಕಂದಾಯ ಲೆಕ್ಕದಲ್ಲಿ ಉತ್ತು ಬಿತ್ತಿದ ನೆಲಕ್ಕೆ ಬೆಲೆ. ಕಂದಾಯ ಬರದ ನೆಲ ಪಾಳು. ಕೊಡಗಿನ ದಾಖಲೆಗಳಲ್ಲಿ ‘ಪೈಸಾರಿ’ ಎಂದು ಬರೆದಿರುವುದೂ ಇಂಥದ್ದೇ ಸರ್ಕಾರಿ ನೆಲವನ್ನು. ರಾಜಸ್ಥಾನದಲ್ಲಿ ಸುಮಾರು 25,000 ಓರಣ್‌ಗಳಿವೆ ಎಂಬ ಅಂದಾಜಿದೆ. ಅವುಗಳಲ್ಲಿ ಎಷ್ಟೋ ‘ಓರಣ್’ ಎಂದು ದಾಖಲಾಗಲೇ ಇಲ್ಲ. ಕಾಗದದಲ್ಲಿ ಅವು ಸರ್ಕಾರದ ಪಾಳು ಭೂಮಿ.

ಸೋಲಾರ್ ಬರುವವರೆಗೆ ಇದರಿಂದ ಹೆಚ್ಚು ತೊಂದರೆ ಇರಲಿಲ್ಲ. ಆ ನೆಲ ಯಾರಿಗೂ ಬೇಕಾಗಿರಲಿಲ್ಲ. ಈಗ ಪರಿಸ್ಥಿತಿ ಬದಲಾಗಿದೆ. 2030ರ ಹೊತ್ತಿಗೆ ಕಲ್ಲಿದ್ದಲು, ತೈಲ, ಅನಿಲವಲ್ಲದ ಮೂಲಗಳಿಂದ 500 ಗಿಗಾವಾಟ್ ವಿದ್ಯುತ್ ಸಾಮರ್ಥ್ಯ ಬೇಕೆಂಬ ಗುರಿಯನ್ನು ಭಾರತ ಹಾಕಿಕೊಂಡಿದೆ. ಥಾರ್‌ನಲ್ಲಿ ಬಿಸಿಲು ಧಾರಾಳ, ಮೋಡ ಕಮ್ಮಿ, ಜಾಗ ವಿಶಾಲ. ಅಲ್ಲಿನ ಭಡ್ಲಾ ಸೋಲಾರ್ ಪಾರ್ಕ್ ಒಂದೇ ಸುಮಾರು 14,000 ಎಕರೆಯಲ್ಲಿ 2,245 ಮೆಗಾವಾಟ್ ಸಾಮರ್ಥ್ಯ ಹೊಂದಿದೆ. ಪಾಳು ಎಂದು ದಾಖಲಾದ ನೆಲವನ್ನು ಹಂಚುವುದು ಸರ್ಕಾರಕ್ಕೆ ಸುಲಭ. ಸ್ವಾಧೀನದ ತಕರಾರಿಲ್ಲ, ಪರಿಹಾರ ಕೊಡಬೇಕಾದ ಮಾಲೀಕರಿಲ್ಲ.

ಪ್ಯಾನೆಲ್ ಕೂರಿಸಲು ನೆಲ ಸಮತಟ್ಟಾಗಬೇಕು, ಸುತ್ತ ಬೇಲಿ ಬೀಳಬೇಕು. ನೆಲ ಸಮತಟ್ಟು ಮಾಡಿದಾಗ ನೀರು ಹರಿಯುವ ದಾರಿ ಬದಲಾಗುತ್ತದೆ, ಆಗೋರ್ ಕತ್ತರಿಸಿ ಹೋಗುತ್ತದೆ, ಕೆಳಗಿನ ಕೆರೆ ತುಂಬುವುದಿಲ್ಲ. ಬೇಲಿಯಿಂದ ಕುರಿ, ಒಂಟೆಗಳ ದಾರಿ ಮುಚ್ಚುತ್ತದೆ. ಉಳಿದ ಮೇವಿನ ಜಾಗದ ಮೇಲೆ ಎಲ್ಲರ ಮಂದೆಯೂ ಬೀಳುತ್ತದೆ, ಅಲ್ಲಿನ ಹುಲ್ಲು ಬೇಗ ಸವೆಯುತ್ತದೆ. ಮೇವು ಸಾಲದಿದ್ದಾಗ ಮಂದೆ ಮಾರುವುದೊಂದೇ ದಾರಿ. ಬಿಕಾನೇರ್, ಫಲೋದಿ ಕಡೆ ಸೋಲಾರ್ ಯೋಜನೆಗಳಿಗಾಗಿ ಖೇಜ್ರಿ ಮರಗಳನ್ನು ಕಡಿಯುವುದರ ವಿರುದ್ಧ ಜನ ಧರಣಿ ಕೂತಿದ್ದಾರೆ.

ವಿದ್ಯುತ್ ತಂತಿಯ ಕಥೆ ಬೇರೆ. ಎರೆಭೂತ ಎಂಬ ದೊಡ್ಡ ಹಕ್ಕಿ ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ. ಅದರ ದೊಡ್ಡ ನೆಲೆ ಥಾರ್. ಭಾರದ ಹಕ್ಕಿ, ನೇರ ಮುಂದಿನದ್ದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ತಂತಿ ಹತ್ತಿರ ಬಂದಾಗ ಥಟ್ಟನೆ ತಿರುಗಲೂ ಆಗುವುದಿಲ್ಲ. ಥಾರ್‌ನ ಒಂದು ಭಾಗದಲ್ಲೇ ವರ್ಷಕ್ಕೆ ಸುಮಾರು 84,000 ಹಕ್ಕಿಗಳು, ಎಲ್ಲ ಜಾತಿ ಸೇರಿ, ತಂತಿಗಳಿಂದ ಸಾಯುತ್ತವೆ ಎಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜಿಸಿತ್ತು. 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದಡಿಗೆ ಹಾಕಿ ಎಂದಿತು. 2024ರ ಮಾರ್ಚ್‌ನಲ್ಲಿ, ಅಷ್ಟು ವಿಶಾಲ ಪ್ರದೇಶಕ್ಕೆ ಅದು ಕಷ್ಟ ಎಂದು ಆ ಆದೇಶವನ್ನು ಸಡಿಲಿಸಿ ಸಮಿತಿ ಮಾಡಿತು. ಮೈಸೂರು–ಕೋಯಿಕ್ಕೋಡ್ 400 ಕೆ.ವಿ. ಲೈನಿಗಾಗಿ ದಕ್ಷಿಣ ಕೊಡಗಿನಲ್ಲಿ ಸಾವಿರಾರು ಮರ ಬಿದ್ದದ್ದನ್ನು ಕಂಡವರಿಗೆ ಈ ಹಗ್ಗಜಗ್ಗಾಟ ಚೆನ್ನಾಗಿ ಅರ್ಥವಾಗುತ್ತದೆ.

ಎಲ್ಲರ ವಾದದಲ್ಲೂ ಸತ್ಯ ಇದೆ

ಸೋಲಾರ್ ಬೇಕೆನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಕಲ್ಲಿದ್ದಲು ಸುಡುವುದು ನಿಲ್ಲದಿದ್ದರೆ ಹವಾಮಾನದ ಹೊಡೆತ ಇನ್ನೂ ಜೋರಾಗುತ್ತದೆ. ಮಳೆಯ ಲಯ ಕೆಟ್ಟರೆ ಏನಾಗುತ್ತದೆ ಎಂದು 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಕೊಡಗು ನೋಡಿದೆ. ಫಸಲು ಬೆಳೆಯುವ ನೆಲಕ್ಕಿಂತ ಮರುಭೂಮಿಯಲ್ಲಿ ಪ್ಯಾನೆಲ್ ಹಾಕುವುದು ಮೇಲಲ್ವಾ ಎಂಬ ಪ್ರಶ್ನೆಯೂ ಸಹಜ.

ಅರಣ್ಯ ಎಂದು ಘೋಷಿಸಿ ಎನ್ನುವವರದ್ದೂ ಗಟ್ಟಿ ವಾದ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯವನ್ನು ಬೇರೆ ಕೆಲಸಕ್ಕೆ ಕೊಡಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಆ ಬೀಗ ಬಿದ್ದರೆ ಓರಣ್ ಅನ್ನು ಸುಮ್ನೆ ಯಾರಿಗೋ ಬರೆದು ಕೊಡಲು ಆಗುವುದಿಲ್ಲ.

ಹಾಗಾದರೆ ಹಳ್ಳಿಯವರಿಗೆ ಭಯ ಯಾಕೆ? ಬೀಗದ ಕೈ ಯಾರ ಹತ್ತಿರ ಇರುತ್ತದೆ ಎನ್ನುವುದು ಅವರ ಚಿಂತೆ. ಇಂದು ಓರಣ್‌ನಲ್ಲಿ ಮಂದೆ ಬಿಡಲು ಯಾರನ್ನೂ ಕೇಳಬೇಕಾಗಿಲ್ಲ. ನಾಳೆ ಅದು ಅರಣ್ಯ ಇಲಾಖೆಯ ಕೈಗೆ ಹೋದರೆ ಮೇಯಿಸುವುದು, ಸಾಂಗ್ರಿ ಕೊಯ್ಯುವುದು, ಸತ್ತವರ ಅಂತ್ಯಸಂಸ್ಕಾರ ಮಾಡುವುದು ಎಲ್ಲದಕ್ಕೂ ಅನುಮತಿ ಬೇಕಾಗಬಹುದು. ಓರಣ್‌ನ ಅಂಚಿನಲ್ಲಿ, ಒಳಗೆ ಮನೆ ಮಾಡಿಕೊಂಡಿರುವವರೂ ಇದ್ದಾರೆ. 1980ರ ಆ ಕಾಯ್ದೆ ತಾನಾಗಿಯೇ ಮೇಯಿಸುವುದನ್ನು ನಿಷೇಧಿಸುವುದಿಲ್ಲ, ನಿಜ. ಆದರೆ ಕಾಯ್ದೆಯ ಸಾಲಿಗಿಂತ ಮುಂದೆ ಬಂದು ನಿಲ್ಲುವ ಫಾರೆಸ್ಟ್ ಗಾರ್ಡ್ ಅನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ಕೊಡಗಿನ ಸೋಮವಾರಪೇಟೆ ಕಡೆಯ ಸಿ ಅಂಡ್ ಡಿ ಜಮೀನಿನ (ಬೇಸಾಯಕ್ಕೆ ಯೋಗ್ಯವಲ್ಲ ಎಂದು ವರ್ಗ ಮಾಡಿ ಅರಣ್ಯ ಇಲಾಖೆಗೆ ಕೊಟ್ಟ ಕಂದಾಯ ನೆಲ) ಹೋರಾಟದ ಹಿಂದಿರುವುದೂ ಇದೇ ಆತಂಕ.

ಜೈಸಲ್ಮೇರ್‌ನ ಓರಣ್ ಹೋರಾಟಗಾರರು ಪಾದಯಾತ್ರೆಗಳನ್ನು ಮಾಡಿ ಕೇಳುತ್ತಿರುವುದು ನೇರವಾದದ್ದು. ಕಂದಾಯ ದಾಖಲೆಯಲ್ಲಿ ‘ಪಾಳು’ ಎಂದಿರುವುದನ್ನು ಅಳಿಸಿ ‘ಓರಣ್’ ಎಂದು ಬರೆಯಿರಿ, ಬಳಸುವ ಹಕ್ಕು ಊರಿನದೇ ಇರಲಿ. ಈ ಬೇಡಿಕೆಯಲ್ಲಿ ಅತಿಯಾದದ್ದು ಏನೂ ಕಾಣುವುದಿಲ್ಲ.

ಪಾವಗಡದ ಅನುಭವವನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡಬೇಕು. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ನೆಲವನ್ನು ಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುವ ಒಪ್ಪಂದ. ಪಹಣಿಯಲ್ಲಿ ಹೆಸರಿದ್ದವರಿಗೆ ಬರಗಾಲದ ನೆಲದಲ್ಲೂ ಖಾತ್ರಿ ಆದಾಯ ಬಂತು. ಪಹಣಿಯೇ ಇಲ್ಲದ ಕೂಲಿಯವರು, ಕುರಿ ಮೇಯಿಸುವವರು ಕೆಲಸವನ್ನೂ ಮೇವನ್ನೂ ಕಳೆದುಕೊಂಡರು, ಬಾಡಿಗೆಯಲ್ಲಿ ಅವರಿಗೆ ಪಾಲಿಲ್ಲ. ಯೋಜನೆ ಹಸಿರೋ ಅಲ್ಲವೋ ಎನ್ನುವುದಕ್ಕಿಂತ, ದಾಖಲೆಯಲ್ಲಿ ಯಾರಿದ್ದಾರೆ ಎನ್ನುವುದೇ ಲಾಭ ನಷ್ಟ ತೀರ್ಮಾನಿಸಿತು.

ಮರ ಯಾರದ್ದೋ ಅವರು ಕಾಯುತ್ತಾರೆ

ಮರುಭೂಮಿಯನ್ನು ಹಸಿರು ಮಾಡುವ ಯೋಜನೆಗಳ ಇತಿಹಾಸ ಉದ್ದವಾಗಿದೆ. ಮೇಲಿನಿಂದ ಇಳಿದು ಬಂದ ಯೋಜನೆಗಳಲ್ಲಿ ಎಷ್ಟೋ ಸೋತಿವೆ. ಸುಮಾರು 1940ರಲ್ಲಿ ಜೋಧಪುರದ ಅರಸರು ಬಳ್ಳಾರಿ ಜಾಲಿಯನ್ನು ರಾಜಮರ್ಯಾದೆ ಕೊಟ್ಟು ಹರಡಿದರು. ಅದು ಬೇಗ ಬೆಳೆಯಿತು, ಸೌದೆಯೂ ಸಿಕ್ಕಿತು. ಆಮೇಲೆ ಹುಲ್ಲುಗಾವಲನ್ನೇ ನುಂಗಿತು. ಆಫ್ರಿಕಾದಲ್ಲಿ 2007ರಲ್ಲಿ ಸೆನೆಗಲ್‌ನಿಂದ ಜಿಬೂಟಿವರೆಗೆ ಸುಮಾರು 8,000 ಕಿಲೋಮೀಟರ್ ಉದ್ದದ ಮರಗಳ ಗೋಡೆ ಎಬ್ಬಿಸುವ ಯೋಜನೆ ಆರಂಭವಾಯಿತು. ಒಂದೇ ಗೆರೆಯಲ್ಲಿ ಮರ ನೆಟ್ಟರೆ ನಿಲ್ಲುವುದಿಲ್ಲ ಎಂದು ತಿಳಿದ ಮೇಲೆ ಅದು ಆಯಾ ಊರಿನ ನೆಲ, ನೀರು, ಬೇಸಾಯ ಸುಧಾರಿಸುವ ಕೆಲಸವಾಗಿ ರೂಪ ಬದಲಿಸಿತು.

ಅದೇ ಆಫ್ರಿಕಾದ ನೈಜರ್ ದೇಶದಲ್ಲಿ ಗದ್ದಲವಿಲ್ಲದೆ ಇನ್ನೊಂದು ಕೆಲಸ ನಡೆದಿತ್ತು. ಫ್ರೆಂಚರ ಕಾಲದಿಂದಲೂ ಅಲ್ಲಿ ರೈತರ ಹೊಲದ ಮರ ಸರ್ಕಾರದ್ದು. ಮರ ದೊಡ್ಡದಾದರೆ ರೈತನಿಗೆ ಲಾಭವಿಲ್ಲ, ಕಡಿದರೆ ದಂಡ. ಅದಕ್ಕೆ ರೈತರು ಚಿಗುರನ್ನೇ ಕಿತ್ತುಹಾಕುತ್ತಿದ್ದರು. 1980ರ ದಶಕದಲ್ಲಿ ಮರಾಡಿ ಪ್ರದೇಶದಲ್ಲಿ ಆಸ್ಟ್ರೇಲಿಯಾದ ಕೃಷಿ ತಜ್ಞ ಟೋನಿ ರಿನಾಡೊ ಮತ್ತು ಅಲ್ಲಿನ ರೈತರು ಹೊಸ ಸಸಿ ನೆಡುವುದನ್ನು ಬಿಟ್ಟು, ನೆಲದಡಿ ಜೀವಂತ ಇದ್ದ ಹಳೆಯ ಬೇರುಗಳ ಚಿಗುರನ್ನು ಆರಿಸಿ ಬೆಳೆಸಲು ತೊಡಗಿದರು. ಬೆಳೆಸಿದವರೇ ಮರ ಬಳಸಬಹುದು ಎಂಬ ಭರವಸೆ ಮೊದಲು ಆಚರಣೆಯಲ್ಲಿ, ನಂತರ ಕಾನೂನಿನಲ್ಲಿ ಬಂತು. ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರಗಳು ಮರಳಿ ಬಂದವು. ಅಷ್ಟೂ ಕಡೆ ಯಾರೂ ನರ್ಸರಿ ಮಾಡಿರಲಿಲ್ಲ.

ರಾಜಸ್ಥಾನದ ಅಲ್ವರ್ ಮರುಭೂಮಿಯ ಅಂಚಿನ ಒಣನಾಡು. ಅಲ್ಲಿ 1985ರಿಂದ ರಾಜೇಂದ್ರ ಸಿಂಗ್ ಮತ್ತು ತರುಣ್ ಭಾರತ್ ಸಂಘ ಊರಿನವರ ಜೊತೆ ಜೋಹಡ್ ಎಂಬ ಮಣ್ಣಿನ ಕಟ್ಟೆಗಳನ್ನು ಕಟ್ಟಿದರು. ಅಂತರ್ಜಲ ಏರಿತು, ಬತ್ತಿದ್ದ ಅರ್ವರಿ ನದಿ ಹರಿಯಿತು. ನದಿ ಹರಿದ ಮೇಲೆ ಊರುಗಳು ಸೇರಿ ಅರ್ವರಿ ಸಂಸತ್ತು ಮಾಡಿಕೊಂಡು, ನೀರು ಯಾರು ಎಷ್ಟು ಬಳಸಬೇಕು ಎಂಬ ನಿಯಮ ಮಾಡಿದವು. ಕಟ್ಟೆಗಳನ್ನು ಎಲ್ಲರೂ ಹೊಗಳುತ್ತಾರೆ, ಆ ನಿಯಮಗಳ ಬಗ್ಗೆ ಮಾತನಾಡುವವರು ಕಮ್ಮಿ. ನಿಯಮ ಇಲ್ಲದಿದ್ದರೆ ಏರಿದ ಅಂತರ್ಜಲವನ್ನು ನಾಲ್ಕು ಬೋರ್‌ವೆಲ್ ಎಳೆದು ಮುಗಿಸುತ್ತಿದ್ದವು.

ನೈಜರ್‌ನ ಪಾಠ ಕೊಡಗಿನ ಕಾಫಿ ತೋಟದಲ್ಲೇ ಕಾಣುತ್ತದೆ. ಇಲ್ಲಿ ಅನ್‌ರಿಡೀಮ್ಡ್ ಜಾಗದಲ್ಲಿ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಾಗದಲ್ಲಿ, ತಾನಾಗಿ ಬೆಳೆದ ಮರದ ಹಕ್ಕು ಸರ್ಕಾರದ್ದು. ಬೀಟೆ, ನಂದಿ, ಹೊನ್ನೆ ಬೆಳೆದರೆ ಬೆಳೆಗಾರನಿಗೆ ಸಿಗುವುದು ನೆರಳು ಮಾತ್ರ, ಮಾರಬೇಕಾದರೆ ಕಚೇರಿಯಿಂದ ಕಚೇರಿಗೆ ಅಲೆದಾಟ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್‌ಗೆ ಆ ತಕರಾರಿಲ್ಲ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೇಕಾದಾಗ ಮಾರಬಹುದು. ಹಾಗಾಗಿ ತೋಟದಲ್ಲಿ ನಾಡಮರ ಹೋದ ಜಾಗಕ್ಕೆ ಸಿಲ್ವರ್ ಓಕ್ ಬರುತ್ತಿದೆ. ಬೆಳೆಗಾರರಿಗೆ ಕಾಡಿನ ಮೇಲೆ ಪ್ರೀತಿ ಇಲ್ಲ ಎಂದು ದೂರುವುದು ತಪ್ಪು. ಮರವನ್ನು ಉಳಿಸಲೆಂದು ಮಾಡಿದ ನಿಯಮವೇ ಮರ ಬೆಳೆಸದಂತೆ ಮಾಡಿದೆ.

ದೇವರಕಾಡಿನಲ್ಲಿ ಲೆಕ್ಕ ಸ್ವಲ್ಪ ಬೇರೆ

ಊರಿನವರ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಇಲ್ಲಿಗೆ ನಿಲ್ಲಿಸುವುದು ಸುಲಭ. ಕೊಡಗಿನ ಇತಿಹಾಸ ಅದಕ್ಕೆ ಒಪ್ಪುವುದಿಲ್ಲ. 1905ರಲ್ಲಿ ಇಲ್ಲಿ 15,506 ಎಕರೆ ದೇವರಕಾಡು ಇತ್ತು. ಆಗ ಅದು ಕಂದಾಯ ಇಲಾಖೆಗೆ ಹೋಯಿತು. 1985ರಲ್ಲಿ ಮತ್ತೆ ಅರಣ್ಯ ಇಲಾಖೆಗೆ ಬರುವಾಗ ಉಳಿದದ್ದು 6,299 ಎಕರೆ. ಅರ್ಧಕ್ಕಿಂತ ಜಾಸ್ತಿ ಹೋಯಿತು. ಒತ್ತುವರಿ ಮಾಡಿದವರು ಹೊರಗಿನ ಕಂಪನಿಗಳಲ್ಲ. ಕಾಫಿ ಹಾಕಿದವರು, ಮನೆ ಕಟ್ಟಿಕೊಂಡವರು ಸುತ್ತಮುತ್ತಲಿನವರೇ.

ಮರುಭೂಮಿಯಲ್ಲಿ ಉಳಿದದ್ದು ಇಲ್ಲಿ ಯಾಕೆ ಉಳಿಯಲಿಲ್ಲ? ಒಂದು ದೊಡ್ಡ ಕಾರಣ ಬಳಕೆ. ಓರಣ್ ಹೋದರೆ ನಾಳೆಯೇ ಮಂದೆಗೆ ಮೇವಿಲ್ಲ. ಆ ನಷ್ಟ ಇಡೀ ಊರಿಗೆ ಗೊತ್ತಾಗುತ್ತದೆ. ಕೊಡಗಿನ ದೇವರಕಾಡಿಗೆ ಕಾಲಿಡುವುದೇ ಅಪರೂಪ. ಹಬ್ಬದ ದಿನ ಹೋಗುತ್ತಾರೆ, ಅಯ್ಯಪ್ಪನಿಗೆ ಮಣ್ಣಿನ ನಾಯಿ ಹರಕೆ ಒಪ್ಪಿಸುತ್ತಾರೆ, ಬರುತ್ತಾರೆ. ಕಾಡು ಕೊಡುವ ಲಾಭ ಕಣ್ಣಿಗೆ ಬೀಳುವುದಿಲ್ಲ. ತೋಡಿನಲ್ಲಿ ಬೇಸಿಗೆಯಲ್ಲೂ ನೀರು ಇರುವುದು, ಕಾಫಿ ಹೂ ಬಿಟ್ಟಾಗ ಜೇನು ಬರುವುದು ಯಾವ ಕಾಡಿನಿಂದ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಭಕ್ತಿಯೊಂದೇ ಬೇಲಿಯಾಗಿತ್ತು. ಕಾಫಿಯಿಂದ ನೆಲಕ್ಕೆ ಬೆಲೆ ಬಂದಾಗ ಆ ಬೇಲಿ ಒಂದಕ್ಕೇ ತಡೆಯಲು ಆಗಲಿಲ್ಲ. ಇಲ್ಲಿ ಕಾನೂನಿನ ಬೀಗವೂ ಬೇಕು.

ಆದ್ದರಿಂದ ರಾಷ್ಟ್ರಮಟ್ಟದ ನೀತಿ ಬಂದರೆ ಅದು ಓರಣ್‌ಗೂ ದೇವರಕಾಡಿಗೂ ಒಂದೇ ಅಳತೆಯ ಅಂಗಿ ಹೊಲಿಯಬಾರದು. ಸಮುದಾಯ ಮೀಸಲು ಎಂಬ ವ್ಯವಸ್ಥೆಯಲ್ಲಿ ಒಳ್ಳೆಯ ಅಂಶಗಳಿವೆ. ವನ್ಯಜೀವಿ ಕಾಯ್ದೆಯ 36-ಸಿ ಸೆಕ್ಷನ್ ಅಡಿ ಘೋಷಣೆಯಾದರೆ, ನೋಡಿಕೊಳ್ಳುವ ಸಮಿತಿಗೆ ಗ್ರಾಮ ಪಂಚಾಯಿತಿ ಕನಿಷ್ಠ ಐದು ಜನರನ್ನು ಕಳುಹಿಸುತ್ತದೆ, ಇಲಾಖೆಯಿಂದ ಒಬ್ಬರು ಇರುತ್ತಾರೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು 2007ರಲ್ಲಿ ಹೀಗೆಯೇ ಸಮುದಾಯ ಮೀಸಲಾಯಿತು. ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಜನರ ಮನೆಯಂಗಳದ ಮರಗಳಲ್ಲಿ.

ತೊಡಕು ಏನೆಂದರೆ, ಈ ಸೆಕ್ಷನ್ ಇರುವುದು ಸಮುದಾಯದ ಅಥವಾ ಖಾಸಗಿ ನೆಲಕ್ಕೆ. ಕೊಡಗಿನ ದೇವರಕಾಡು ಕಾಗದದಲ್ಲಿ ಸರ್ಕಾರದ್ದು, ಅರಣ್ಯ ಇಲಾಖೆಯ ಕೈಯಲ್ಲಿದೆ. ಸರ್ಕಾರಿ ನೆಲಕ್ಕೆ ಇರುವುದು 36-ಎ ಸೆಕ್ಷನ್‌ನ ‘ಸಂರಕ್ಷಣಾ ಮೀಸಲು’. ಅದರಲ್ಲೂ ಸಮಿತಿ ಇದೆ, ಆದರೆ ಆ ಸಮಿತಿ ಸಲಹೆ ಕೊಡಬಹುದು ಅಷ್ಟೇ. ನಡೆಸುವ ಅಧಿಕಾರ ಅದಕ್ಕಿಲ್ಲ. ಪಾಳು ಎಂದು ದಾಖಲಾದ ಓರಣ್‌ಗಳಿಗೂ ಇದೇ ಕಷ್ಟ ಎದುರಾಗುತ್ತದೆ. ನೆಲ ಮೊದಲು ಸಮುದಾಯದ್ದು ಎಂದು ಒಪ್ಪಿಕೊಳ್ಳದೆ ಅದನ್ನು ಸಮುದಾಯ ಮೀಸಲು ಮಾಡುವುದು ಹೇಗೆ?

ಇನ್ನೊಂದು ದಾರಿ 2006ರ ಅರಣ್ಯ ಹಕ್ಕು ಕಾಯ್ದೆ. ತೀರ್ಪಿನಲ್ಲಿ ಕೋರ್ಟ್ ಅದರ ಕಡೆಗೂ ಬೆರಳು ತೋರಿಸಿದೆ. ಸಮುದಾಯ ತಾನು ಕಾಯ್ದುಕೊಂಡು ಬಂದ ಕಾಡನ್ನು ರಕ್ಷಿಸುವ, ನಿರ್ವಹಿಸುವ ಹಕ್ಕನ್ನು ಈ ಕಾಯ್ದೆ ಕೊಡುತ್ತದೆ. ಕೊಡಗಿನಲ್ಲಿ ಇದು ಮುಖ್ಯ. ಎಷ್ಟೋ ದೇವರಕಾಡುಗಳ ಜೊತೆ ಹಾಡಿಗಳಲ್ಲಿ ಬದುಕುವ ಯರವ, ಕುರುಬ ಆದಿವಾಸಿ ಸಮುದಾಯಗಳ ನಂಟು ಹಳೆಯದು. ಹೊಸ ನೀತಿಯ ಸಮಿತಿಗಳಲ್ಲಿ ಜಮೀನಿದ್ದವರೇ ತುಂಬಿಕೊಂಡು ಹಾಡಿಯವರು ಹೊರಗೆ ಉಳಿದರೆ, ಪಾವಗಡದ ಕುರಿಗಾಹಿಗಳಿಗೆ ಆದದ್ದೇ ಇವರಿಗೂ ಆಗುತ್ತದೆ.

ಎಲ್ಲಕ್ಕಿಂತ ಮೊದಲು ಬರುವುದು ಸರ್ವೆ. ಥಾರ್‌ನಲ್ಲಿ ಉಪಗ್ರಹ ಚಿತ್ರ ಬಹಳ ಉಪಯೋಗ. ಬಯಲಿನ ನಡುವೆ ಮರಗಳ ಗುಂಪು ಎದ್ದು ಕಾಣುತ್ತದೆ. ಕೊಡಗಿನಲ್ಲಿ ಅದು ನಡೆಯುವುದಿಲ್ಲ. ನೆರಳಿನ ಕಾಫಿ ತೋಟವೂ ದೇವರಕಾಡೂ ಮೇಲಿನಿಂದ ಒಂದೇ ಹಸಿರು. ಒಂದೆರಡು ಎಕರೆಯ ಸಣ್ಣ ಕಾಡುಗಳು ತೋಟಗಳ ನಡುವೆ ಸಿಕ್ಕಿಕೊಂಡಿವೆ, ಅಂಥವೇ ಮೊದಲು ಕೈತಪ್ಪುವುದು. ಗಡಿಕಲ್ಲು ಎಲ್ಲಿತ್ತು, ತೋಡು ಯಾವ ಕಡೆ ಹರಿಯುತ್ತಿತ್ತು ಎಂದು ಬಲ್ಲವರು ಊರಿನ ತಕ್ಕರು (ಮುಖ್ಯಸ್ಥರು), ಹಾಡಿಯ ಹಿರಿಯರು. ಸರ್ವೆಯವರು ಬರುವ ಮೊದಲೇ ಗ್ರಾಮಸಭೆ ಕರೆದು, ಅವರನ್ನು ಜೊತೆಗೆ ನಡೆಸಿ ಗಡಿ ಗುರುತು ಹಾಕಿಕೊಳ್ಳಬೇಕು. ಆ ನಕ್ಷೆಗೆ ಗ್ರಾಮಸಭೆಯ ನಿರ್ಣಯವನ್ನೂ ಲಗತ್ತಿಸಿ ತಾಲ್ಲೂಕು ಕಚೇರಿಗೂ ಅರಣ್ಯ ಇಲಾಖೆಗೂ ಕೊಟ್ಟಿಟ್ಟರೆ, ನೀತಿ ಯಾವ ರೂಪದಲ್ಲಿ ಬಂದರೂ ಮಾತನಾಡಲು ಊರಿನ ಕೈಯಲ್ಲಿ ಒಂದು ದಾಖಲೆ ಇರುತ್ತದೆ.